ಒಂದೇ ಗಂಗಾಳದ ಮೂವರು

ಹೋದ ವಾರ ಏನೋ ಕೆಲಸಕ್ಕೆಂದು ಬಿಬವೇವಾಡಿಗೆ ಹೋಗಿದ್ದವಳು ನಮ್ಮ ಹಳೆಯ ಕಾಯಿಪಲ್ಯದ ಸಂತೆಯ ಮುಂದೆ ಹಾದು ಬಂದೆ. ಮಳೆ ಆಗಷ್ಟೇ ನಿಂತಿತ್ತು. ಗೋಣಿತಟ್ಟಿನ ಮೇಲೆ ಹರಡಿದ್ದ ಸಬ್ಬಸಿಗೆ ಸೊಪ್ಪಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಕೆಲವರಿಗೆ ಆ ವಾಸನೆ ಹಿತ, ಕೆಲವರಿಗೆ ಆಗಿಬರುವುದಿಲ್ಲ. ನನಗೆ ಅದು ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದ ವಾಸನೆ. ನಾನು ಮದುವೆಯಾಗಿ ಪುಣೆಗೆ ಬಂದ ಮೊದಲ ಮಳೆಗಾಲ. ಆಗ ನಾನು ಒಂದು ಮನೆಯ ಮೂವರ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅವರು ಸಾಲದೆಂಬಂತೆ ತೀರಿಹೋಗಿದ್ದ ಒಬ್ಬಳ ಮೇಲೂ ಪಟ್ಟೆ.

ನನ್ನದು ತಡವಾದ ಮದುವೆ. ಬೆಳಗಾವಿಯಲ್ಲಿ ಶಾಲೆಯ ಮಕ್ಕಳಿಗೆ ಭೂಗೋಳ ಕಲಿಸುತ್ತ, ಅವ್ವನ ಕಾಯಿಲೆ ನೋಡಿಕೊಳ್ಳುತ್ತ ಮೂವತ್ತೇಳು ದಾಟಿದ್ದೆ. ಅವ್ವ ಹೋದ ಮರುವರ್ಷ ಗುರುರಾಜರ ಸಂಬಂಧ ಬಂತು. ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸ, ಬಿಬವೇವಾಡಿಯಲ್ಲಿ ಮನೆ, ಒಂಬತ್ತು ವರ್ಷದ ಮಗಳು ಅನಘಾ. ಹೆಂಡತಿ ವೀಣಾ ಜಠರದ ಕ್ಯಾನ್ಸರಿನಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ನನ್ನನ್ನು ನೋಡಲು ಬಂದ ದಿನವೇ ಅವರು ಒಂದು ವಿಷಯ ಬಿಡಿಸಿ ಹೇಳಿದರು. ವೀಣಾಳ ತಾಯಿ ಧಾರವಾಡದವರು, ಮಗಳ ಆರೈಕೆಗೆಂದು ಬಂದವರು ಹಿಂದಿರುಗಿ ಹೋಗಿಲ್ಲ, ಮೊಮ್ಮಗಳನ್ನು ಬೆಳೆಸುತ್ತಿರುವವರು ಅವರೇ, ಮುಂದೆಯೂ ಅಲ್ಲೇ ಇರುತ್ತಾರೆ. ಅದಕ್ಕೆ ನನ್ನ ಒಪ್ಪಿಗೆ ಇದ್ದರೆ ಮಾತ್ರ ಮುಂದಿನ ಮಾತು ಎಂದರು. ಇಂಥ ಅಳಿಯ ಎಲ್ಲಿ ಸಿಗುತ್ತಾನೆ ಎಂದು ನನ್ನ ಅಕ್ಕ ಮೆಚ್ಚಿಕೊಂಡಳು. ನಾನೂ ಮೆಚ್ಚಿಯೇ ಒಪ್ಪಿದೆ. ಬೆಳಗಾವಿಯಲ್ಲಿ ಕುಳಿತು ಮೆಚ್ಚುವುದು ಸುಲಭವಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಕರೆಯುವ ಹೆಸರಿನಿಂದ. ಅನಘಾ ಅಜ್ಜಿಯನ್ನು ನಮ್ಮ ಕಡೆಯ ರೂಢಿಯಂತೆ ಆಯಿ ಎನ್ನುತ್ತಿದ್ದಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಅವಳು ಮೆಟ್ಟಿಲಲ್ಲಿ ನಿಂತು 'ಆಯಿ' ಎಂದು ಕೂಗಿದರೆ ಅಕ್ಕಪಕ್ಕದ ಹೆಂಗಸರು ನನ್ನ ಕಡೆ ತಿರುಗುತ್ತಿದ್ದರು. ನಾನು ಅಲ್ಲ ಎಂದು ತಲೆಯಾಡಿಸಬೇಕಾಗುತ್ತಿತ್ತು. ನನಗೆ ಅವಳು ಇಟ್ಟ ಹೆಸರು ಮೌಶಿ, ಅಂದರೆ ಚಿಕ್ಕಮ್ಮ. ಮನೆಗೆ ಬಂದು ಹೋಗುವ ಹೆಂಗಸರನ್ನೆಲ್ಲ ಅವಳು ಮೌಶಿ ಎಂದೇ ಕರೆಯುತ್ತಿದ್ದಳು.

ಆಮೇಲೆ ಆ ಗಂಗಾಳ. ಸಂಜೆ ಗುರುರಾಜ ಕಾರ್ಖಾನೆಯ ಬಸ್ಸಿನಿಂದ ಇಳಿದು ಬಂದು ಕೈಕಾಲು ತೊಳೆದ ಮೇಲೆ ಆಯಿ ಅಗಲವಾದ ಒಂದು ಸ್ಟೀಲಿನ ಗಂಗಾಳದಲ್ಲಿ ಅನ್ನ ಹಾಕುತ್ತಿದ್ದರು. ಭೋರ್ ಕಡೆಯಿಂದ ಬರುವ ಇಂದ್ರಾಯಣಿ ಅಕ್ಕಿ, ಬಿಸಿ ಇದ್ದಾಗ ಕೈಗೆ ಅಂಟುವಂಥದ್ದು. ಅದರ ಮೇಲೆ ಸಾರು, ತುಪ್ಪ, ಒಂದಿಷ್ಟು ಸಬ್ಬಸಿಗೆ ಪಲ್ಯ. ಎಲ್ಲ ಕಲಸಿ, ಮೊದಲು ತಾವೊಂದು ತುತ್ತು ಬಾಯಿಗೆ ಹಾಕಿಕೊಂಡು ಉಪ್ಪು ಸರಿಯಿದೆಯೇ ನೋಡಿ, ಆಮೇಲೆ ಅನಘಾಳ ಬಾಯಿಗೊಂದು, ಗುರುರಾಜರ ಅಂಗೈಗೊಂದು. ಬಿಸಿಯಿದ್ದರೆ ಊದಿ ಕೊಡುವರು. ಅನಘಾ ಅರ್ಧ ಕಚ್ಚಿ ಬಿಟ್ಟ ಹಪ್ಪಳ ಅವರೇ ತಿನ್ನುವರು. ನಮ್ಮ ಅವ್ವನ ಮನೆಯಲ್ಲಿ ಎಂಜಲು ಎಂದರೆ ಬೆಂಕಿ. ನೀರಿನ ಲೋಟಕ್ಕೆ ತುಟಿ ತಾಗಿದರೆ ಅದನ್ನು ಹೊರಗಿಡುತ್ತಿದ್ದಳು. ನನಗೆ ತಿಳಿವಳಿಕೆ ಬಂದ ಮೇಲೆ ಅವಳು ನನಗೊಂದು ತುತ್ತು ಕೊಟ್ಟ ನೆನಪಿಲ್ಲ. ಹಾಗಾಗಿ ಮೊದಲ ದಿನ ಆ ಮೂವರನ್ನು ನೋಡಿ ನನಗೆ ಹೇಸಿಕೆ ಬಂತೆಂದುಕೊಂಡೆ. ಎರಡನೆಯ ದಿನಕ್ಕೆ ಅದು ಹೇಸಿಕೆಯಲ್ಲ ಎಂದು ಗೊತ್ತಾಯಿತು.

ಅವರು ನನ್ನನ್ನು ದೂರವಿಟ್ಟರು ಎನ್ನಲಾರೆ. ನನಗೆ ಬೇರೆ ತಾಟು, ಅದರಲ್ಲಿ ಎಲ್ಲಕ್ಕಿಂತ ಚೆಂದಾಗಿ ಬಂದ ಜೋಳದ ಭಕ್ಕರಿ, ಉಪ್ಪಿನಕಾಯಿಯ ದೊಡ್ಡ ಹೋಳು. 'ತಗೋರಿ ಪದ್ಮಜಾ ಅವರ, ಸಂಕೋಚ ಮಾಡಬ್ಯಾಡ್ರಿ' ಎಂದು ಆಯಿ ಬಹುವಚನದಲ್ಲೇ ಉಪಚಾರ ಮಾಡುತ್ತಿದ್ದರು. ಆ ಬಹುವಚನ ನನ್ನನ್ನು ಬೀಗರ ಸಾಲಿನಲ್ಲಿ ಕೂರಿಸುತ್ತಿತ್ತು. ಒಂದು ಸಲ ಗುರುರಾಜರನ್ನು ಕೇಳಿದೆ, ದೊಡ್ಡವರಾಗಿ ಅತ್ತೆಯ ಕೈಯಲ್ಲಿ ತುತ್ತು ತಿನ್ನುತ್ತೀರಲ್ಲ ಎಂದು. ನಗುತ್ತಲೇ ಕೇಳಿದ್ದೆ. ಅವರು ನಗದೆ ಹೇಳಿದರು. ವೀಣಾ ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯುತ್ತಿರಲಿಲ್ಲವಂತೆ. ಆಯಿ ಒಂದೇ ಗಂಗಾಳದಲ್ಲಿ ಕಲಸಿ, ಕೂಸಿಗೊಂದು ಇವರಿಗೊಂದು ಬಲವಂತಕ್ಕೆ ಕೊಟ್ಟು, ಇವರು ತಿಂದರೆ ಮಾತ್ರ ತಾವು ತಿನ್ನುತ್ತಿದ್ದರಂತೆ. ಆಗ ಹಿಡಿದ ರೂಢಿ ಬಿಟ್ಟಿಲ್ಲ. ಅವರ ದುಃಖದಲ್ಲಿ ನನಗೆ ಪಾಲಿರಲಿಲ್ಲ, ಆದ್ದರಿಂದ ಗಂಗಾಳದಲ್ಲೂ ಇರಲಿಲ್ಲ.

ಅಡುಗೆಯಿಂದಾದರೂ ಒಳಗೆ ಹೋಗುತ್ತೇನೆಂದು ಸಬ್ಬಸಿಗೆ ಪಲ್ಯ ಕಲಿತೆ. ಹೆಸರುಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಆಯಿ ಮಾಡುವ ಹಾಗೆಯೇ ಮಾಡಿದೆ. ಅನಘಾ ಒಂದು ಬೆರಳಷ್ಟು ಬಾಯಿಗಿಟ್ಟು, ಚೆನ್ನಾಗಿದೆ, ಆದರೆ ಆಯಿಯದು ಬೇರೆ ಎಂದಳು. ಅವಳು ಸುಳ್ಳು ಹೇಳಿರಲಿಲ್ಲ. ನನಗೆ ಆ ಸಂಜೆ ಊಟ ಸೇರಲಿಲ್ಲ.

ಆಯಿಗೆ ಹೊಟ್ಟೆ ನೋವಿತ್ತು. ಎಷ್ಟೋ ವರ್ಷಗಳಿಂದ ಇತ್ತಂತೆ. ಪಿತ್ತ ಎನ್ನುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಉರಿ ಎದ್ದರೆ ತಣ್ಣನೆಯ ಹಾಲು ಕುಡಿಯುವರು, ಇಲ್ಲವೇ ಔಷಧದ ಅಂಗಡಿಯಿಂದ ಆಸಿಡಿಟಿ ಗುಳಿಗೆ ತರಿಸುವರು. ಮೊಣಕಾಲು ನೋವಿಗೆ ಬೇರೆ ಗುಳಿಗೆ. ಡಾಕ್ಟರಿಗೆ ತೋರಿಸಿ ಎಂದರೆ, ಈ ವಯಸ್ಸಿನಲ್ಲಿ ಯಾರಿಗೆ ಪಿತ್ತ ಇಲ್ಲ ಎಂದು ಮಾತು ಹಾರಿಸುವರು. ಮಗಳು ಹೊಟ್ಟೆಯ ಕಾಯಿಲೆಯಿಂದಲೇ ಹೋದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಧೈರ್ಯ ಅವರಿಗಿರಲಿಲ್ಲ.

ಮಳೆ ಹಿಡಿದು ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಗುರುರಾಜ ಕೆಲಸಕ್ಕೆ ಹೋದ ಮೇಲೆ, ಆಯಿ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಕುಸಿದರು. ಮುಖ ಬಿಳುಚಿತ್ತು, ಹಣೆ ತಣ್ಣಗಿತ್ತು. ಕೆಲವು ದಿನಗಳಿಂದ ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆ ಎಂದು ಆಗ ಹೇಳಿದರು. ಗುರುರಾಜರಿಗೆ ಫೋನ್ ಮಾಡಿ, ರಿಕ್ಷಾ ತರಿಸಿ ಆಸ್ಪತ್ರೆಗೆ ಕರೆದೊಯ್ದೆ. ಹೊಟ್ಟೆಯೊಳಗೆ ರಕ್ತ ಜಿನುಗುತ್ತಿತ್ತು. ಗಂಟಲಿನಿಂದ ದುರ್ಬೀನು ಇಳಿಸಿ ನೋಡಿ ಹುಣ್ಣಾಗಿದೆ ಎಂದರು. ಅದೃಷ್ಟಕ್ಕೆ ಬೇರೇನೂ ಇರಲಿಲ್ಲ. ರಕ್ತ ಕೊಟ್ಟು ಕೆಲವು ದಿನ ಇರಿಸಿಕೊಂಡರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮರಾಠಿಯವರು, ನಿಧಾನವಾಗಿ ಮಾತಾಡುವವರು. ಹುಣ್ಣಿಗೆ ಮೊಣಕಾಲಿನ ಗುಳಿಗೆಯೂ ಕಾರಣ, ಆದರೆ ಹೊಟ್ಟೆಯ ಒಳಪದರದಲ್ಲಿ ಒಂದು ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ, ಅದೂ ಕಾರಣ ಎಂದರು. ಆಮೇಲೆ ಕೇಳಿದರು, ಮನೆಯಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿತ್ತೇ?

'ಹೌದು' ಎಂದರು ಗುರುರಾಜ. 'ಇವರ ಮಗಳಿಗೆ. ನನ್ನ ಹೆಂಡತಿಗೆ.'

ಡಾಕ್ಟರ್ ನನ್ನತ್ತ ನೋಡಿದರು. ನಾನು ಗುರುರಾಜರ ಪಕ್ಕದಲ್ಲೇ, ಕುಂಕುಮ ಹಚ್ಚಿಕೊಂಡು, ಅವರ ಚೀಲ ಹಿಡಿದು ನಿಂತಿದ್ದೆ. ಡಾಕ್ಟರ್ ಮುಂದಿನ ಮಾತಿಗೆ ಹೋದರು.

ಹಾಗಿದ್ದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮಗುವೂ ಸೇರಿ ಎಂದರು. ಈ ಕ್ರಿಮಿ ನಮ್ಮ ದೇಶದಲ್ಲಿ ಅಪರೂಪದ್ದಲ್ಲ, ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಇರಬಹುದು ಎಂದು ವಿವರಿಸಿದರು. ಬಹಳಷ್ಟು ಸಲ ಅದು ಒಳಗೆ ಬರುವುದು ಚಿಕ್ಕ ವಯಸ್ಸಿನಲ್ಲೇ. ಬಂದರೆ ತಾನಾಗಿ ಹೋಗುವುದು ಕಡಿಮೆ, ಜೀವಮಾನವಿಡೀ ಇದ್ದುಬಿಡುತ್ತದೆ. ಅಜ್ಜ ಅಜ್ಜಿಯರಲ್ಲಿ ಹೆಚ್ಚು ಕಾಣುವುದು ಅವರ ಬಾಲ್ಯದ ನೀರು, ಬಚ್ಚಲು, ಮನೆ ತುಂಬ ಜನ ಇವುಗಳಿಂದ. ಈಗಿನ ಮಕ್ಕಳಲ್ಲಿ ಅಷ್ಟಿಲ್ಲ. ಹೆಚ್ಚಿನವರಿಗೆ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ, ಕೆಲವರಿಗೆ ಹುಣ್ಣಾಗುತ್ತದೆ, ತೀರ ಕೆಲವರಿಗೆ ಕ್ಯಾನ್ಸರ್. ಹೇಗೆ ಹರಡುತ್ತದೆ ಎಂದು ಗುರುರಾಜ ಕೇಳಿದರು. ಕೈ ಸರಿಯಾಗಿ ತೊಳೆಯದಿದ್ದರೆ, ನೀರು ಕೆಟ್ಟಿದ್ದರೆ, ವಾಂತಿಯಿಂದ, ಬಾಯಿಂದ ಬಾಯಿಗೆ. ಹೆಚ್ಚಾಗಿ ಮನೆಯೊಳಗೇ, ಹೆತ್ತವರಿಂದ ಮಕ್ಕಳಿಗೆ, ಅದರಲ್ಲೂ ತಾಯಿಯಿಂದ ಎಂದರು. ಹಾಸಿಗೆಯ ಮೇಲೆ ಆಯಿ ಕಣ್ಣು ಮುಚ್ಚಿ ಮಲಗಿದ್ದರು. ಅವರಿಗೆ ಮರಾಠಿ ಸಂತೆಯಲ್ಲಿ ಚೌಕಾಸಿ ಮಾಡುವಷ್ಟೇ ಗೊತ್ತೆಂದು ನಾವು ತಿಳಿದಿದ್ದೆವು.

ನಾವು ಮೂವರು ಉಸಿರಿನ ಪರೀಕ್ಷೆಗೆ ಹೋದೆವು. ಏನೋ ಹುಳಿಹುಳಿ ನೀರು ಕುಡಿಸಿ, ಅದಕ್ಕೆ ಮೊದಲೊಂದು ಸಲ, ಆಮೇಲೊಂದು ಸಲ ಚೀಲದಲ್ಲಿ ಉಸಿರು ಊದಿಸಿದರು. ಅನಘಾ ಬಲೂನು ಊದುವವಳಂತೆ ಕೆನ್ನೆ ಉಬ್ಬಿಸಿ ಊದಿದಳು. ನಾನು ಊದುವ ಮುನ್ನ ನರ್ಸ್ ರೂಢಿಯ ಪ್ರಶ್ನೆಗಳನ್ನು ಕೇಳಿದಳು. ಹೊಟ್ಟೆಯಲ್ಲಿ ಉರಿ ಇದೆಯೇ ಎಂದಳು. ಇಲ್ಲ ಎಂದೆ.

ಫಲಿತಾಂಶ ಬಂತು. ಗುರುರಾಜರಿಗೆ ಇತ್ತು, ಅನಘಾಳಿಗೆ ಇತ್ತು. ನನಗಿರಲಿಲ್ಲ. ಪುಣ್ಯ ಮಾಡಿದ್ದೀರಿ ಎಂದರು ಡಾಕ್ಟರ್. ಗುರುರಾಜ ಸಮಾಧಾನದಿಂದ ನನ್ನ ಬೆನ್ನು ಮುಟ್ಟಿದರು. ಒಳ್ಳೆಯ ಸುದ್ದಿ ಎಂದು ನನಗೂ ಗೊತ್ತಿತ್ತು. ಆದರೂ ಶಾಲೆಯಲ್ಲಿ ಆಟಕ್ಕೆ ಹೆಸರು ಕರೆಯುವಾಗ ಕೊನೆಯವರೆಗೂ ಕರೆಯದೆ ಉಳಿದ ಹುಡುಗಿಯಂತೆ ನಾನು ಕುರ್ಚಿಯ ತುದಿಯಲ್ಲಿ ಕುಳಿತೆ. ವೀಣಾಳ ಹೊಟ್ಟೆಯಲ್ಲಿಯೂ ಅದೇ ಇದ್ದಿರಬೇಕು. ತಾಯಿಯಿಂದ ಅವಳಿಗೆ, ಅವಳಿಂದ ಮಗಳಿಗೆ, ಯಾರಿಂದಲೋ ಗಂಡನಿಗೆ. ಅವರ ನಾಲ್ವರ ನಡುವೆ ಇದ್ದ ಬಂಧುತ್ವ ಹೊಟ್ಟೆಯ ಒಳಪದರದವರೆಗೂ ಇಳಿದಿತ್ತು. ನಾನು ಶುದ್ಧಳಾಗಿ ಹೊರಗೆ ನಿಂತಿದ್ದೆ.

ಎರಡು ವಾರದ ಔಷಧ ಕೊಟ್ಟರು. ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಬೇರೆ ಎರಡು ಬಗೆ, ಬೆಳಿಗ್ಗೆ ಸಂಜೆ. ಒಂದು ಹೊತ್ತೂ ತಪ್ಪಿಸಬಾರದು ಎಂದು ಒತ್ತಿ ಹೇಳಿದ್ದರು. ಬಾಯಿ ಕಹಿಯಾಗುತ್ತಿತ್ತು. ಬಾಯಾಗ ರೂಪಾಯಿ ಇಟ್ಟುಕೊಂಡಂಗ ಆಗ್ತದ ಎಂದು ಅನಘಾ ಹೇಳಿದಳು. ನನಗ ಐದು ರೂಪಾಯಿ ಎಂದರು ಗುರುರಾಜ. ಆಯಿ ಕೂಡ ನಕ್ಕರು. ಕಾರ್ಖಾನೆಯಿಂದ ಗುರುರಾಜ ಫೋನ್ ಮಾಡಿದರೆ ಮೊದಲ ಮಾತು ಆಯಿ ಗುಳಿಗೆ ತಗೊಂಡರೇ ಎಂಬುದು. ನಾನು ಹೊಸ ಕೆಲಸ ಹುಡುಕುತ್ತಿದ್ದೆ. ಒಂದು ಶಾಲೆಯಲ್ಲಿ ಸಂದರ್ಶನಕ್ಕೆ ಹೋಗಿ ಬಂದದ್ದು ಎರಡು ದಿನ ಅವರಿಗೆ ನೆನಪೇ ಆಗಲಿಲ್ಲ. ಕಹಿ ಬಾಯಿಯ ಆ ಮೂವರ ಮಧ್ಯೆ ಸಿಹಿ ಬಾಯಿಯ ನಾನು ಅನ್ನ ರುಚಿಯಾಗಿದೆ ಎನ್ನಲೂ ಹಿಂಜರಿಯುತ್ತಿದ್ದೆ.

ನನಗೆ ಆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಅದೇ ಕಣ್ಣಿಗೆ ಬೀಳುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕುವರು, ಒಂದೇ ಬಾಟಲಿಗೆ ಸರದಿಯಲ್ಲಿ ಬಾಯಿ ಹಚ್ಚುವರು. ಕೈ ತೊಳೆಯಿರಿ, ಬಾಟಲಿ ಎತ್ತಿ ಕುಡಿಯಿರಿ ಎಂದು ನಾನು ಹೇಳುತ್ತಿದ್ದೆ. ಹೇಳುವುದು ಸರಿಯೇ ಆಗಿತ್ತು. ಆದರೆ ಹೇಳುವಾಗ ನನ್ನ ದನಿಯಲ್ಲಿ ಅವ್ವ ಕೇಳಿಸುತ್ತಿದ್ದಳು.

ಮನೆಯಲ್ಲಿ ಗಂಗಾಳ ಮೇಲಿನ ಹಲಗೆ ಸೇರಿತ್ತು. ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆಯಿಂದ ಆಯಿ ನಾಲ್ಕು ತಾಟು ಹಾಕತೊಡಗಿದರು. ಉಪ್ಪು ನೋಡುವುದನ್ನೂ ಬಿಟ್ಟರು. ಅಡುಗೆ ಒಂದು ದಿನ ಸಪ್ಪೆ, ಒಂದು ದಿನ ಉಪ್ಪುಪ್ಪು. ಅನಘಾ ಮಡಿಲಿಗೆ ಬಂದರೆ, ಸೆಕೆ ಎಂದು ಸರಿಸುವರು. ನನಗೆ ಬೇಕಿದ್ದದ್ದು ಸಿಕ್ಕಿತ್ತು. ಎಲ್ಲರಿಗೂ ಒಂದೊಂದು ತಾಟು. ಟಿವಿಯ ಸದ್ದೊಂದು ಬಿಟ್ಟರೆ ಊಟದ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಸದ್ದಿರುತ್ತಿರಲಿಲ್ಲ. ಔಷಧದ ದಿನಗಳು ಮುಗಿಯುತ್ತ ಬಂದಾಗ ಆಯಿ, ಗಣಪತಿ ಹಬ್ಬ ಆದ ಮೇಲೆ ಧಾರವಾಡಕ್ಕೆ ಹೋಗಿ ತಂಗಿಯ ಮನೆಯಲ್ಲಿ ಇದ್ದುಬಿಡುತ್ತೇನೆ, ಇನ್ನು ಇಲ್ಲಿ ಪದ್ಮಜಾ ಇದ್ದಾರಲ್ಲ ಎಂದು ಗುರುರಾಜರಿಗೆ ಹೇಳಿದರು. ಗುರುರಾಜ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಗುರುರಾಜ ನನ್ನನ್ನು ಅನುಮಾನದಿಂದ ನೋಡಿದರು. ನಾನೇನೂ ಮಾಡಿರಲಿಲ್ಲ. ಆದರೆ ನನಗೆ ಖುಷಿಯಾಗಿತ್ತು, ಅದನ್ನು ಅವರು ಕಂಡಿರಬೇಕು. ಅಡುಗೆಮನೆಯಲ್ಲಿ ಡಬ್ಬಿಗಳನ್ನು ಹೇಗೆ ಜೋಡಿಸಬೇಕು ಎಂಬುದನ್ನು ಕೂಡ ನಾನು ಮನಸ್ಸಿನಲ್ಲಿ ಮಾಡಿ ಮುಗಿಸಿದ್ದೆ.

ಒಂದು ಭಾನುವಾರದ ಮಧ್ಯಾಹ್ನ ಗುರುರಾಜ ಮಗಳನ್ನು ಕರೆದುಕೊಂಡು ಚಪ್ಪಲಿ ಕೊಡಿಸಲು ಹೋಗಿದ್ದರು. ಆಯಿ ಮತ್ತು ನಾನು ಕಿಟಕಿಯ ಹತ್ತಿರ ಸಬ್ಬಸಿಗೆ ಸೋಸುತ್ತ ಕುಳಿತಿದ್ದೆವು. ಹೊರಗೆ ಸಣ್ಣ ಮಳೆ. ಅವರು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು.

'ಪದ್ಮಜಾ ಅವರ, ನಿಮಗೊಂದು ಮಾತು ಕೇಳ್ತೀನಿ. ಗುರುರಾಜಗ ಕೇಳಿದ್ರ ಅಂವಾ ನನ್ನ ಸಮಾಧಾನ ಮಾಡ್ತಾನ. ನಿಮಗ ವೀಣಾ ಏನೂ ಆಗಬೇಕಿಲ್ಲ. ನೀವು ಖರೇ ಹೇಳ್ತೀರಿ.'

ನಾನು ಹೂಂ ಎಂದೆ.

'ಆಕಿ ಕೂಸಿದ್ದಾಗ ಅನ್ನ ನನ್ನ ಬಾಯಾಗ ನುರಿಸಿ ಆಕಿ ಬಾಯಾಗ ಇಟ್ಟೀನಿ. ನಮ್ಮವ್ವನೂ ನಮಗ ಹಂಗ ಉಣಿಸಿದ್ದು. ಆ ಡಾಕ್ಟರ್ ಹೇಳಿದ್ದು ಅಷ್ಟೂ ನನಗ ತಿಳದದ. ತಾಯಿಂದ ಅಂತ ಅಂದ್ರು. ನನ್ನ ಬಾಯಾಗಿಂದನ ಹೋತಲ್ಲ ಅದು? ಆಕಿನ್ನ ನಾನ ಕೊಂದಂಗ ಆತಲ್ಲ?'

ಅವರು ಅಳಲಿಲ್ಲ. ಬೇಳೆ ಬೆಂದಿತೇ ಎಂದು ಕೇಳುವ ದನಿಯಲ್ಲೇ ಕೇಳಿದರು. ಧಾರವಾಡಕ್ಕೆ ಹೋಗುವ ಮಾತು ಯಾಕೆ ಬಂತು, ಅನಘಾಳನ್ನು ಯಾಕೆ ಮಡಿಲಿಂದ ಸರಿಸುತ್ತಿದ್ದರು ಎಂದು ನನಗೆ ಆಗ ಅರ್ಥವಾಯಿತು. ಹಾಗೇನೂ ಇಲ್ಲ ಎಂದು ಸುಲಭವಾಗಿ ಹೇಳಬಹುದಿತ್ತು. ಸಮಾಧಾನ ಬೇಡವೆಂದೇ ಅವರು ನನ್ನನ್ನು ಕೇಳಿದ್ದರು. ಸುಮ್ಮನಿದ್ದರೂ ಸಾಕಿತ್ತು, ಹಬ್ಬ ಮುಗಿದ ಮೇಲೆ ಆ ಮನೆ ನನ್ನದಾಗುತ್ತಿತ್ತು. ಇದೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಹಾದುಹೋಯಿತು. ನನಗೆ ನಿಜವಾಗಿ ಗೊತ್ತಿರಲಿಲ್ಲ. ಅದನ್ನೇ ಹೇಳಿದೆ.

'ನನಗ ಗೊತ್ತಿಲ್ರೀ ಆಯಿ. ನಾಳೆ ಡಾಕ್ಟರಿಗೆ ಕೇಳೂಣು. ನಾ ಕರಕೊಂಡು ಹೋಗ್ತೀನಿ. ಅವರು ಏನ್ ಹೇಳ್ತಾರ ಅದನ್ನ ಹಂಗs ಹೇಳ್ತೀನಿ.'

ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋದೆ. ಗುರುರಾಜರಿಗೆ ಹೇಳಲಿಲ್ಲ. ಹೇಳಬೇಡಿ ಎಂದು ಆಯಿಯೇ ಹೇಳಿದ್ದರು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಎಲ್ಲ ಸರಿಯಾಗುತ್ತಿದೆ ಎಂದರು. ಆಮೇಲೆ ನಾನು ಆಯಿಯ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದೆ. ಬಾಯಲ್ಲಿ ನುರಿಸಿ ಕೊಟ್ಟದ್ದನ್ನೂ ಬಿಡಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ಆಯಿಯ ಕಡೆ ತಿರುಗಿದರು. 'ಸಾಂಗತಾ ಯೇತ ನಾಹೀ' ಎಂದು ಶುರು ಮಾಡಿದರು.

ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದೆ.

'ಹೇಳಾಕ ಬರೂದಿಲ್ಲ ಅಂತಾರ. ನಿಮ್ಮಿಂದ ಹೋಗಿರಬಹುದು. ಹೋಗಿರದನ ಇರಬಹುದು. ಆಗಿನ ನೀರಿನಿಂದ, ಓಣಿ ಹುಡುಗರ ಜೋಡಿ ಆಡಿದ್ರಿಂದ, ಯಾವುದರಿಂದನೂ ಬರ್ತದಂತ. ನಿಮಗೂ ಯಾರಿಂದನೋ ಬಂದದ್ದ. ಇದು ಅಷ್ಟು ಜನರ ಹೊಟ್ಟ್ಯಾಗ ಅದ, ಅವರಿಗೆಲ್ಲ ಆ ರೋಗ ಬರೂದಿಲ್ಲ. ಭಾಳ ಕಡಿಮಿ ಮಂದಿಗೆ ಬರ್ತದ. ವೀಣಾಗ ಯಾಕ ಬಂತು ಅಂತ ಅವರಿಗೂ ಗೊತ್ತಿಲ್ಲಂತ.'

ಆಯಿ ಇನ್ನೊಂದು ಕೇಳಿದರು. ಆಗಲೇ ಗೊತ್ತಿದ್ದರೆ ಏನಾದರೂ ಮಾಡಬಹುದಿತ್ತೇ ಎಂದು. ವೀಣಾ ಕೂಸಾಗಿದ್ದಾಗ ಡಾಕ್ಟರುಗಳಿಗೇ ಇದು ಸರಿಯಾಗಿ ಗೊತ್ತಿರಲಿಲ್ಲ, ಊರಲ್ಲಿ ನಿಮಗೆ ಯಾರು ಹೇಳಬೇಕಿತ್ತು ಎಂದರು ಡಾಕ್ಟರ್. ಅದನ್ನೂ ಹೇಳಿದೆ. ಕೊನೆಗೆ ಡಾಕ್ಟರು ನನ್ನ ಮೂಲಕ ಅಲ್ಲ, ನೇರವಾಗಿ ಆಯಿಯ ಕೈ ಹಿಡಿದು, ನಿಧಾನ ಮರಾಠಿಯಲ್ಲಿ ಹೇಳಿದರು. ಮೊಮ್ಮಗಳಿಗೆ ಈ ಕ್ರಿಮಿ ಇಷ್ಟು ಬೇಗ ಸಿಕ್ಕಿದೆ, ಅದನ್ನು ಕಿತ್ತು ಹಾಕುತ್ತಿದ್ದೇವೆ. ನೀವು ಬಿದ್ದಿರದಿದ್ದರೆ ಅದು ಸಿಗುತ್ತಿರಲಿಲ್ಲ.

ಹಿಂತಿರುಗುವಾಗ ಮಳೆ ಜೋರಾಯಿತು. ರಿಕ್ಷಾದವನು ಎರಡೂ ಕಡೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟ. ಒಳಗೆ ನಾವಿಬ್ಬರೇ. ಅಲ್ಲಿ ಆಯಿ ಅತ್ತರು. ನನ್ನ ಹೆಗಲಿಗೆ ಹಣೆ ಹಚ್ಚಿ, ಸದ್ದು ಮಾಡದೆ, ಬಹಳ ಹೊತ್ತು.

'ಇರಬಹುದು ಅಂದದ್ದನ್ನೂ ಹೇಳಿದಿ ನೀ' ಎಂದರು ಮೂಗು ಒರೆಸಿಕೊಳ್ಳುತ್ತ. 'ಅದನ್ನ ಬಿಟ್ಟು ಹೇಳಿದ್ದರ ನಾ ಯಾವುದನ್ನೂ ನಂಬತಿರಲಿಲ್ಲ.'

ನೀ ಎಂದಿದ್ದರು. ನಾನು ಅದನ್ನು ಕೇಳಿಸಿಕೊಂಡೆ. ಆದರೂ ಆ ಕ್ಷಣದಲ್ಲಿ ನನಗಿದ್ದ ಭಾವನೆ ಕರುಣೆಯೊಂದೇ ಆಗಿರಲಿಲ್ಲ. ನನ್ನ ಹೆಗಲು ಒದ್ದೆ ಮಾಡುತ್ತಿದ್ದದ್ದು ಇನ್ನೊಬ್ಬಳಿಗಾಗಿ ಬಂದ ಕಣ್ಣೀರು. ನನಗಾಗಿ ಹೀಗೆ ಅಳುವವರು ಈಗ ಯಾರೂ ಉಳಿದಿಲ್ಲ ಎಂದು ಯೋಚಿಸುತ್ತಿದ್ದೆ. ನನಗೆ ಬಾಯಲ್ಲಿ ನುರಿಸಿ ಅನ್ನ ಕೊಡದ ಅವ್ವನಿಂದಾಗಿಯೇ ನನ್ನ ಹೊಟ್ಟೆ ಶುದ್ಧವಾಗಿ ಉಳಿಯಿತೋ, ಅಥವಾ ಸುಮ್ಮನೆ ಅದೃಷ್ಟವೋ. ಅವ್ವನ ಮಡಿ ನನ್ನನ್ನು ಕಾಪಾಡಿತ್ತು ಎಂದೇ ಇಟ್ಟುಕೊಂಡರೂ, ರಿಕ್ಷಾದಲ್ಲಿ ಕುಳಿತ ನಾನು ವೀಣಾಳ ಬದಲಿಗೆ ನನಗೆ ಆ ತುತ್ತು ಸಿಗಬೇಕಿತ್ತು ಎಂದುಕೊಂಡೆ.

ಧಾರವಾಡದ ಮಾತು ಆಮೇಲೆ ಬರಲಿಲ್ಲ. ಮತ್ತೊಂದು ಶುರುವಾಯಿತು. ಆಯಿ ನನಗೆ ವೀಣಾಳ ಬಗ್ಗೆ ಹೇಳತೊಡಗಿದರು. ಗುರುರಾಜರ ಮುಂದೆ ಅವಳ ಹೆಸರೆತ್ತಿದರೆ ಅವರು ಎದ್ದು ಹೋಗುತ್ತಿದ್ದರು. ಅನಘಾಳಿಗೆ ಅಜ್ಜಿ ಹೇಳುತ್ತಿದ್ದದ್ದು ಅಮ್ಮನ ಒಳ್ಳೆಯತನದ ಕಥೆಗಳನ್ನಷ್ಟೇ. ನಾನು ಅವಳನ್ನು ನೋಡಿಯೇ ಇರಲಿಲ್ಲ, ಹಾಗಾಗಿ ನನಗೆ ಮೊದಲಿನಿಂದ, ಎಲ್ಲವನ್ನೂ ಹೇಳಬಹುದಿತ್ತು. ಅವಳು ಶಾಲೆಯಿಂದ ಓಡಿ ಬಂದದ್ದು, ಸಿಟ್ಟು ಬಂದರೆ ಊಟ ಬಿಡುತ್ತಿದ್ದದ್ದು, ಗಂಡನ ಜೊತೆ ಜಗಳಾಡಿ ಧಾರವಾಡಕ್ಕೆ ಬಂದು ಒಂದು ತಿಂಗಳು ಕುಳಿತದ್ದು. ಆ ಜಗಳದ ವಿಷಯ ಕೇಳಿ ನನಗೆ ಬಹಳ ಸಂತೋಷವಾಯಿತು. ಅಂಥವಳನ್ನು ಸಹಿಸಿಕೊಳ್ಳುವುದು ನನಗೆ ಸುಲಭವಾಯಿತು.

ನಾವಿಬ್ಬರೂ ಸಂತೆಗೆ ಜೊತೆಯಾಗಿ ಹೋಗತೊಡಗಿದೆವು. ಸೊಪ್ಪಿನವಳ ಹತ್ತಿರ ಆಯಿ ಚೌಕಾಸಿ ಮಾಡುವರು, ನಾನು ಚೀಲ ಹಿಡಿಯುವೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕುಳಿತರೆ ಮಾತು ಮುಗಿಯುತ್ತಿರಲಿಲ್ಲ. ಅನಘಾ ಬಂದರೆ ಆಯಿ ಮಾತು ನಿಲ್ಲಿಸುವರು, ಏಕೆಂದರೆ ಅದು ಮಗುವಿಗೆ ಹೇಳುವಂಥದ್ದಾಗಿರುತ್ತಿರಲಿಲ್ಲ. ಅವಳು ಒಂದು ಕ್ಷಣ ಬಾಗಿಲಲ್ಲಿ ನಿಂತು, ಏನೂ ಕೇಳದೆ ಹೋಗುವಳು. ಉಪ್ಪು ನೋಡುವ ಕೆಲಸ ಈಗ ನನ್ನದು. ಆಯಿ ಚಮಚದಲ್ಲಿ ತೆಗೆದು ನನ್ನ ಅಂಗೈಗೆ ಹಾಕಿ, ಸಾಕೇ ಎಂದು ಕೇಳುವರು.

ಔಷಧ ನಿಲ್ಲಿಸಿ ಒಂದು ತಿಂಗಳ ಮೇಲಾಗಿತ್ತು. ನವರಾತ್ರಿಯ ಘಟಸ್ಥಾಪನೆ ಹತ್ತಿರ ಬಂದಿತ್ತು, ಮಳೆ ಹಿಂದೆ ಸರಿಯುತ್ತಿತ್ತು. ಔಷಧ ತೆಗೆದುಕೊಂಡ ಮೂವರೂ ಉಸಿರಿನ ಪರೀಕ್ಷೆಗೆ ಚೀಲ ಊದಿ ಬಂದರು. ಕ್ರಿಮಿ ಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು, ಎಷ್ಟೋ ಜನರಲ್ಲಿ ಒಂದು ಸಲದ ಔಷಧಕ್ಕೆ ಅದು ಜಗ್ಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಆಯಿಯ ಹೊಟ್ಟೆಯಿಂದ ಹೋಗಿತ್ತು. ಅನಘಾಳ ಹೊಟ್ಟೆಯಿಂದಲೂ ಹೋಗಿತ್ತು. ಗುರುರಾಜರಲ್ಲಿ ಮಾತ್ರ ಹಾಗೇ ಇತ್ತು. ಕಾರ್ಖಾನೆಯಲ್ಲಿ ಪಾಳಿ ಬದಲಾದಾಗ ಕೆಲವು ಹೊತ್ತು ಗುಳಿಗೆ ತಪ್ಪಿಸಿದ್ದನ್ನು ಅವರು ಆಗ ಒಪ್ಪಿಕೊಂಡರು. ಡಾಕ್ಟರ್ ಬೇರೆ ಔಷಧ ಬರೆದುಕೊಟ್ಟರು. ಆಯಿ ಅಳಿಯನನ್ನು ಆಸ್ಪತ್ರೆಯ ಮೊಗಸಾಲೆಯಲ್ಲೇ ಬೈದರು, ಇಷ್ಟು ಜನರ ನಡುವೆ ಮೊದಲ ಸಲ. ಗುರುರಾಜ ತಲೆ ತಗ್ಗಿಸಿಕೊಂಡು ಅಲ್ಲಿಂದಲೇ ಕೆಲಸಕ್ಕೆ ಹೋದರು.

ನಾವು ಮೂವರು ರಿಕ್ಷಾ ಹತ್ತಿದೆವು. ಅನಘಾ ಮೊದಲು ಹತ್ತಿ ಒಂದು ತುದಿಗೆ ಕುಳಿತಳು, ನಡುವೆ ಆಯಿ, ಈಚೆ ನಾನು. ಆಯಿಗೆ ಎದೆಯ ಭಾರ ಇಳಿದಿತ್ತು. ನನ್ನ ಕಡೆ ತಿರುಗಿ ಕುಳಿತು ಒಂದೇ ಸಮನೆ ಮಾತಾಡುತ್ತಿದ್ದರು. ಹಬ್ಬಕ್ಕೆ ಏನು ಮಾಡೋಣ, ನಿನ್ನ ಅಕ್ಕನನ್ನು ಬೆಳಗಾವಿಯಿಂದ ಕರೆಸಿಕೋ, ನಿನಗೆ ಹಸಿರು ಸೀರೆ ಒಪ್ಪುತ್ತದೆ, ವೀಣಾಗೆ ಹಸಿರು ಎಂದರೆ ಆಗುತ್ತಿರಲಿಲ್ಲ. ನಾನೂ ಏನೇನೋ ಹೇಳುತ್ತಿದ್ದೆ. ನಾವಿಬ್ಬರೂ ನಗುತ್ತಿದ್ದೆವು.

ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಅನಘಾ ಎದ್ದಳು. ಆಯಿಯ ಮೊಣಕಾಲು ದಾಟಿ ಬಂದು, ನಮ್ಮಿಬ್ಬರ ನಡುವೆ ಇಲ್ಲದ ಜಾಗದಲ್ಲಿ ತನ್ನನ್ನು ತುರುಕಿಕೊಂಡಳು.

'ಸರೀ ಆಕಡೆ, ಮೌಶಿ' ಎಂದಳು. 'ಆಯಿ ಎಲ್ಲಾ ನಿನಗs ಹೇಳ್ತಾಳ.'

ಹೇಳುತ್ತ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ನಿಜವಾಗಿಯೂ ನೋವಾಯಿತು. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು ಅವಳು ನನ್ನನ್ನು ನೋಡಿದ ಆ ನೋಟ ನನಗೆ ಚೆನ್ನಾಗಿ ಗೊತ್ತಿದ್ದ ನೋಟ. ಆ ಮಳೆಗಾಲವಿಡೀ ನಾನು ಅವಳನ್ನು ನೋಡಿದ್ದು ಹಾಗೆಯೇ. ನನ್ನ ಬಳಿ ಇದ್ದ ಏನನ್ನೋ ಬಯಸಿ ಆ ಮನೆಯಲ್ಲಿ ಯಾರಾದರೂ ನನ್ನ ಮೇಲೆ ಉರಿದುಕೊಂಡದ್ದು ಅದೇ ಮೊದಲು.

ನಾನು ಸರಿಯಲಿಲ್ಲ. ಅವಳೂ ಬಿಡಲಿಲ್ಲ. ಬಿಬವೇವಾಡಿ ಬರುವವರೆಗೂ ನಾವಿಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತಲೇ ಕುಳಿತಿದ್ದೆವು.